ಓಟದ ತರಬೇತಿ ಯೋಜನೆಯ ಹೊಂದಾಣಿಕೆ ಮತ್ತು ಜಿಪಿಎಸ್ ಅಳತೆಯ ದೋಷ: ಮೈಸೂರು, ಮಂಡ್ಯದ ಓಟಗಾರರಿಗೆ ಒಂದು ಸಮಗ್ರ ಮಾರ್ಗದರ್ಶಿ

ಕೆಲವು ವರ್ಷಗಳ ಹಿಂದೆ, ಜೂನ್ ತಿಂಗಳಲ್ಲಿ, ನನ್ನ ಬೆಳಗಿನ ಓಟವನ್ನು ಹೊರವರ್ತುಲ ರಸ್ತೆಯಿಂದ ಮಾನಸಗಂಗೋತ್ರಿಯ ಮರಗಳ ನೆರಳಿಗೆ ಬದಲಾಯಿಸಿಕೊಂಡೆ. ಲಾರಿಗಳ ಹೊಗೆ ತಪ್ಪಿತು, ಆದರೆ ಕೈಗಡಿಯಾರ ತೋರಿಸುವ ವೇಗವೂ ಇಳಿಯಿತು. ಅಲ್ಲಿಯವರೆಗೆ ಕಿಲೋಮೀಟರಿಗೆ 6 ನಿಮಿಷ 40 ಸೆಕೆಂಡಿನಂತೆ ಹಾಯಾಗಿ ಓಡುತ್ತಿದ್ದ ನನಗೆ, ಅದೇ ಉಸಿರಿನಲ್ಲಿ ಓಡಿದರೂ 6 ನಿಮಿಷ 55 ಸೆಕೆಂಡಿನ ಆಚೀಚೆ ಕಾಣತೊಡಗಿತು. ಮೈಯ ಕಸುವು ಕುಗ್ಗುತ್ತಿದೆಯೆಂದು ತೀರ್ಮಾನಿಸಿ, ವಾರಕ್ಕೊಂದಿದ್ದ ವೇಗದ ಓಟವನ್ನು ಎರಡು ಮಾಡಿಕೊಂಡೆ. ಮೂರನೆಯ ವಾರ ಮುಗಿಯುವಷ್ಟರಲ್ಲಿ ಕಣಕಾಲಿನ ಮುಂಭಾಗದ ಮೂಳೆ ಮುಟ್ಟಿದರೆ ನೋಯುವಂತಾಯಿತು. ನೋವು ತಗ್ಗಿದ ಮೇಲೆ ಚಾಮುಂಡಿ ವಿಹಾರ ಕ್ರೀಡಾಂಗಣದ 400 ಮೀಟರ್ ಟ್ರ್ಯಾಕಿನಲ್ಲಿ ಹತ್ತು ಸುತ್ತು ಓಡಿ ನೋಡಿದಾಗ, ನನ್ನ ವೇಗ ಹೆಚ್ಚೂಕಡಿಮೆ ಹಳೆಯದೇ ಆಗಿತ್ತು. ಅಳತೆ ತಪ್ಪಿತ್ತು, ನಾನು ಕಾಲನ್ನು ತಿದ್ದಲು ಹೊರಟಿದ್ದೆ.

ತರಬೇತಿ ಯೋಜನೆಯನ್ನು ಬದಲಿಸಬೇಕೆಂದು ನಮಗೆ ಅನ್ನಿಸುವುದು ಬಹುಮಟ್ಟಿಗೆ ಗಡಿಯಾರದ ಅಂಕಿಗಳನ್ನು ನೋಡಿಯೇ ಆದ್ದರಿಂದ, ಆ ಅಂಕಿಗಳ ಯೋಗ್ಯತೆಯನ್ನು ಮೊದಲು ಪರೀಕ್ಷಿಸಿ, ಆನಂತರ ಯೋಜನೆಗೆ ಕೈ ಹಾಕುವುದು ಸರಿಯಾದ ಕ್ರಮ. ಈ ಮಾರ್ಗದರ್ಶಿ ಅದೇ ಕ್ರಮದಲ್ಲಿ ಸಾಗುತ್ತದೆ. ಉದಾಹರಣೆಗೆಂದು, ಜುಲೈ ಎರಡನೆಯ ವಾರದಲ್ಲಿ ಆರಂಭಿಸಿ ಅಕ್ಟೋಬರ್ ಮೊದಲ ಭಾನುವಾರ ಅರೆ ಮ್ಯಾರಥಾನ್ ಓಡಬೇಕೆಂದಿರುವ, ಎರಡು ಗಂಟೆಯ ಗುರಿಯಿಟ್ಟುಕೊಂಡಿರುವ ಒಬ್ಬ ಓಟಗಾರರ ಹನ್ನೆರಡು ವಾರದ ಯೋಜನೆಯನ್ನು ಮನಸ್ಸಿನಲ್ಲಿಟ್ಟುಕೊಳ್ಳೋಣ.

ಉಪಗ್ರಹದ ಲೆಕ್ಕ ಎಲ್ಲಿ ಎಡವುತ್ತದೆ

ಜಿಪಿಎಸ್ ಅಮೆರಿಕದ ವ್ಯವಸ್ಥೆ. ಅದರ ಸುಮಾರು 30 ಉಪಗ್ರಹಗಳು ಭೂಮಿಯಿಂದ ಹೆಚ್ಚುಕಡಿಮೆ 20,200 ಕಿ.ಮೀ. ಎತ್ತರದಲ್ಲಿ ಸುತ್ತುತ್ತ, ತಮ್ಮೊಳಗಿನ ಪರಮಾಣು ಗಡಿಯಾರದ ಸಮಯವನ್ನು ರೇಡಿಯೊ ಅಲೆಗಳಲ್ಲಿ ಸದಾ ಬಿತ್ತರಿಸುತ್ತಿರುತ್ತವೆ. ನಿಮ್ಮ ಕೈಯಲ್ಲಿರುವ ಉಪಕರಣವು ಆ ಸಂಕೇತ ತಲುಪಲು ಹಿಡಿದ ಸಮಯವನ್ನು ಲೆಕ್ಕ ಹಾಕಿ, ಕನಿಷ್ಠ ನಾಲ್ಕು ಉಪಗ್ರಹಗಳ ನೆರವಿನಿಂದ ತಾನಿರುವ ಜಾಗವನ್ನು ಕಂಡುಕೊಳ್ಳುತ್ತದೆ. ಒಂದು ಸೆಕೆಂಡಿನ ನೂರು ಕೋಟಿಯಲ್ಲೊಂದು ಭಾಗದಷ್ಟು ಸಮಯದಲ್ಲಿ ರೇಡಿಯೊ ಅಲೆ ಸುಮಾರು 30 ಸೆಂಟಿಮೀಟರ್ ಸಾಗುತ್ತದೆ. ಅಂದರೆ ಸಂಕೇತವು ಕಟ್ಟಡಕ್ಕೆ ಬಡಿದು ಸುತ್ತಿ ಬಂದು ತೀರಾ ಅತ್ಯಲ್ಪ ತಡವಾದರೂ ಲೆಕ್ಕದಲ್ಲಿ ಮೀಟರುಗಟ್ಟಲೆ ವ್ಯತ್ಯಾಸ ಬರುತ್ತದೆ. ಯಾವ ಅಡ್ಡಿಯೂ ಇಲ್ಲದ ಬಯಲಿನಲ್ಲಿಯೂ ಫೋನಿನ ಜಿಪಿಎಸ್ ಸಾಮಾನ್ಯವಾಗಿ 4.9 ಮೀಟರ್ ತ್ರಿಜ್ಯದೊಳಗೆ ಸರಿಯಿರುತ್ತದೆಂದು ಆ ವ್ಯವಸ್ಥೆಯನ್ನು ನಡೆಸುವ ಅಮೆರಿಕ ಸರ್ಕಾರವೇ ಹೇಳುತ್ತದೆ. ಒಂದು ಊರನ್ನು ಹುಡುಕಿಕೊಂಡು ಹೋಗಲು ಇದು ಧಾರಾಳ. ಒಂದು ಕಿಲೋಮೀಟರನ್ನು ಐದು ಸೆಕೆಂಡಿನ ನಿಖರತೆಯಲ್ಲಿ ಅಳೆಯಲು ಸಾಲದು.

ದೋಷವು ಎರಡು ವಿರುದ್ಧ ದಿಕ್ಕುಗಳಲ್ಲಿ ಬರುತ್ತದೆ ಎಂಬುದನ್ನು ಹಲವರು ಗಮನಿಸುವುದಿಲ್ಲ. ಉಪಕರಣವು ಕ್ಷಣಕ್ಷಣಕ್ಕೂ ಒಂದೊಂದು ಚುಕ್ಕೆ ಇಟ್ಟು, ಆ ಚುಕ್ಕೆಗಳನ್ನು ಗೆರೆ ಎಳೆದು ಜೋಡಿಸಿ ದೂರವನ್ನು ಲೆಕ್ಕ ಹಾಕುತ್ತದೆ. ಚುಕ್ಕೆಗಳು ನಿಜವಾದ ದಾರಿಯ ಆಚೆಗೊಮ್ಮೆ ಈಚೆಗೊಮ್ಮೆ ಬಿದ್ದರೆ ಗೆರೆ ಹಾವಿನಂತೆ ಹರಿದಾಡುತ್ತದೆ, ದೂರ ಹೆಚ್ಚುತ್ತದೆ, ನೀವು ನಿಜಕ್ಕಿಂತ ವೇಗವಾಗಿ ಓಡಿದಂತೆ ತೋರುತ್ತದೆ. ಸಂಕೇತ ದುರ್ಬಲವಾಗಿ ಚುಕ್ಕೆಗಳು ವಿರಳವಾದರೆ, ಅಥವಾ ಉಪಕರಣವು ಅವುಗಳನ್ನು ಅತಿಯಾಗಿ ನಯಗೊಳಿಸಿದರೆ, ತಿರುವುಗಳೆಲ್ಲ ಅಡ್ಡದಾರಿಗಳಾಗುತ್ತವೆ, ದೂರ ಕಡಿಮೆಯಾಗುತ್ತದೆ, ವೇಗ ಕುಸಿದಂತೆ ಕಾಣುತ್ತದೆ. ಮಾನಸಗಂಗೋತ್ರಿಯ ಬಳಸುದಾರಿಗಳಲ್ಲಿ, ದಟ್ಟ ಮರಗಳ ಕೆಳಗೆ ನನಗಾದದ್ದು ಈ ಎರಡನೆಯದು.

ನಮ್ಮ ಕಡೆಯ ದಾರಿಗಳನ್ನು ಈ ದೃಷ್ಟಿಯಿಂದ ನೋಡಬಹುದು. ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಒಂದು ಬದಿ ಪೂರ್ತಿ ನೀರು, ಆಕಾಶ ತೆರೆದಿರುತ್ತದೆ, ಅಳತೆ ಚೆನ್ನಾಗಿ ಬರುತ್ತದೆ. ಅದೇ ಸುತ್ತಿನಲ್ಲಿ ಮರಗಳ ಭಾಗಕ್ಕೆ ಹೋದೊಡನೆ ಕ್ಷಣದ ವೇಗ ಏರುಪೇರಾಗುತ್ತದೆ. ದೇವರಾಜ ಅರಸು ರಸ್ತೆಯಂಥ ಕಡೆ ಎರಡೂ ಬದಿಯ ಕಟ್ಟಡಗಳಿಂದ ಸಂಕೇತ ಪುಟಿದು ಬರುತ್ತದೆ. ಈ ವಿಷಯದಲ್ಲಿ ಮಂಡ್ಯದವರು ಪುಣ್ಯವಂತರು. ವಿಶ್ವೇಶ್ವರಯ್ಯ ನಾಲೆಯ ಏರಿ ರಸ್ತೆಗಳು ಬಹುತೇಕ ಬಯಲಿನ ನಡುವೆ ಹೋಗುತ್ತವೆ, ಪಕ್ಕದ ಕಬ್ಬು ಆಳೆತ್ತರ ಬೆಳೆದಿದ್ದರೂ ನೆತ್ತಿಯ ಮೇಲಿನ ಆಕಾಶವನ್ನು ಮುಚ್ಚುವುದಿಲ್ಲ. ಆದರೆ ನಸುಕಿನಲ್ಲಿ, ತಡೆಗೋಡೆಯಿಲ್ಲದ ಕಡೆಗಳಲ್ಲಿ, ನೀರಿನ ಬದಿಯನ್ನು ಬಿಟ್ಟು ಓಡಬೇಕು. ಅಳತೆಗಿಂತ ಜೀವ ದೊಡ್ಡದು.

ಮೋಡ ಕವಿದರೆ ಜಿಪಿಎಸ್ ಕೆಡುತ್ತದೆಂಬ ಮಾತು ಓಟಗಾರರ ನಡುವೆ ಓಡಾಡುತ್ತಿರುತ್ತದೆ. ಈ ಅಲೆಗಳಿಗೆ ಮೋಡವೂ ಮಳೆಯೂ ಲೆಕ್ಕಕ್ಕಿಲ್ಲ. ಮಳೆಯಲ್ಲಿ ನೆನೆದ ಎಲೆಗಳು ಮಾತ್ರ ಒಣ ಎಲೆಗಳಿಗಿಂತ ಹೆಚ್ಚು ಸಂಕೇತವನ್ನು ಹೀರಿಕೊಳ್ಳುತ್ತವೆ. ಇನ್ನೊಂದು ಕಾರಣ ನಮ್ಮ ನೆಲಕ್ಕೇ ವಿಶೇಷವಾದದ್ದು. ಭೂಕಾಂತೀಯ ಸಮಭಾಜಕ ವೃತ್ತವು (ಭೂಮಿಯ ಕಾಂತಕ್ಷೇತ್ರದ ನಡುಗೆರೆ) ಭಾರತದ ದಕ್ಷಿಣ ತುದಿಯ ಬಳಿ ಹಾದುಹೋಗುವುದರಿಂದ, ದಕ್ಷಿಣ ಭಾರತದ ಮೇಲಿನ ಅಯಾನುಗೋಳವು, ಎಂದರೆ ಉಪಗ್ರಹದ ಸಂಕೇತ ಹಾದು ಬರುವ, ವಿದ್ಯುದಾವೇಶದ ಕಣಗಳಿರುವ ವಾತಾವರಣದ ಮೇಲ್ಪದರವು, ಸೂರ್ಯಾಸ್ತದ ನಂತರ ಕೆಲವು ಗಂಟೆಗಳ ಕಾಲ ಕದಡಿಹೋಗುವುದುಂಟು. ಸೂರ್ಯನಲ್ಲಿ ಕಲೆಗಳು ಹೆಚ್ಚಿರುವ ವರ್ಷಗಳಲ್ಲಿ, ಅದರಲ್ಲೂ ಮಾರ್ಚ್ ಮತ್ತು ಸೆಪ್ಟೆಂಬರ್ ತಿಂಗಳುಗಳ ಆಸುಪಾಸಿನಲ್ಲಿ, ಇದು ಹೆಚ್ಚು. ಕೆಲಸ ಮುಗಿಸಿ ರಾತ್ರಿ ಎಂಟಕ್ಕೆ ಓಡುವವರಿಗೆ, ಬೆಳಿಗ್ಗೆ ಸರಿಯಾಗಿ ಬರುವ ದಾರಿಯೇ ಕೆಲವು ರಾತ್ರಿ ಕೆಟ್ಟದಾಗಿ ಬಂದರೆ ಅದಕ್ಕೆ ಇದೂ ಒಂದು ಕಾರಣವಿರಬಹುದು.

ಮೊದಲ ಹೆಜ್ಜೆ: ನಿಮ್ಮದೇ ಆದ ಅಳೆದ ದಾರಿ

ಉಪಗ್ರಹವನ್ನು ನೆಚ್ಚದ ಒಂದು ಅಳತೆ ಕೈಯಲ್ಲಿರಬೇಕು. ಅದಕ್ಕೆ ಟ್ರ್ಯಾಕ್ ಎಲ್ಲಕ್ಕಿಂತ ಸುಲಭ. 400 ಮೀಟರ್ ಎಂಬುದು ಅತ್ಯಂತ ಒಳಗಿನ ಲೇನಿಗೆ ಮಾತ್ರ ಅನ್ವಯಿಸುತ್ತದೆ, ಅದೂ ಒಳ ಅಂಚಿನಿಂದ 30 ಸೆಂ.ಮೀ. ದೂರದಲ್ಲಿ ಓಡಿದಾಗ. ನಿಗದಿತ ಅಳತೆಯ ಟ್ರ್ಯಾಕಿನಲ್ಲಿ ಎರಡನೆಯ ಲೇನಿನ ಒಂದು ಸುತ್ತು ಸುಮಾರು 407 ಮೀಟರ್, ನಾಲ್ಕನೆಯದು 422, ಎಂಟನೆಯದು 453. ವೇಗವಾಗಿ ಓಡುವ ಹುಡುಗರಿಗೆ ದಾರಿ ಬಿಟ್ಟು ನಾಲ್ಕನೆಯ ಲೇನಿನಲ್ಲಿ ಹತ್ತು ಸುತ್ತು ಹಾಕಿದರೆ ನೀವು ಓಡಿದ್ದು ನಾಲ್ಕು ಕಿಲೋಮೀಟರ್ ಅಲ್ಲ, ನಾಲ್ಕು ಕಿಲೋಮೀಟರಿನ ಮೇಲೆ ಇನ್ನೂ 220 ಮೀಟರ್. ಕ್ರೀಡಾಕೂಟಗಳಿರುವ ದಿನ ಟ್ರ್ಯಾಕ್ ಸಿಗುವುದಿಲ್ಲವಾದ್ದರಿಂದ ಹಿಂದಿನ ದಿನವೇ ವಿಚಾರಿಸಿಕೊಳ್ಳುವುದು ಒಳ್ಳೆಯದು.

ಟ್ರ್ಯಾಕಿನ ಜೊತೆಗೆ, ನೀವು ದಿನವೂ ಓಡುವ ರಸ್ತೆಯಲ್ಲಿಯೇ ಅಳೆದ ಒಂದು ತುಂಡು ಬೇಕು. ಇದಕ್ಕೆ ಸೈಕಲ್ಲು ಸಾಕು. ಚಕ್ರದ ಕಡ್ಡಿಗೆ ಅಯಸ್ಕಾಂತ ಕಟ್ಟಿ, ಚಕ್ರದ ಸುತ್ತುಗಳನ್ನು ಎಣಿಸುವ ಸಾಧಾರಣ ಮೀಟರ್ ಹಾಕಿಸಿದರಾಯಿತು. ಟೈರಿಗೆ ಸರಿಯಾಗಿ ಗಾಳಿ ತುಂಬಿ, ಟೈರಿನ ಮೇಲೊಂದು ಸೀಮೆಸುಣ್ಣದ ಗುರುತು ಹಾಕಿ, ಸೈಕಲ್ಲಿನ ಮೇಲೆ ಕುಳಿತೇ ಹತ್ತು ಸುತ್ತು ಉರುಳಿಸಿ, ಆ ದೂರವನ್ನು ಟೇಪಿನಲ್ಲಿ ಅಳೆದು ಹತ್ತರಿಂದ ಭಾಗಿಸಿ ಬಂದ ಅಂಕಿಯನ್ನು ಮೀಟರಿಗೆ ಕೊಡಬೇಕು. ಕುಳಿತು ಉರುಳಿಸಬೇಕೆನ್ನುವುದೇಕೆಂದರೆ ಮೈಭಾರಕ್ಕೆ ಟೈರು ಅಮುಕಿ ಸುತ್ತಳತೆ ಕಿರಿದಾಗುತ್ತದೆ. ಆಮೇಲೆ ನಿಮ್ಮ ರಸ್ತೆಯಲ್ಲಿ ಎರಡು ಕಿಲೋಮೀಟರಿನ ಒಂದು ತುಂಡನ್ನು ಎರಡು ಬಾರಿ ಅಳೆದು, ಎರಡು ತುದಿಗಳಿಗೂ ದೀಪದ ಕಂಬ, ಮೋರಿಯ ಕಟ್ಟೆ ಇಂಥ ಅಳಿಯದ ಗುರುತನ್ನು ಆರಿಸಿಕೊಳ್ಳಿ. ಇಷ್ಟಕ್ಕೆ ಒಂದು ಭಾನುವಾರ ಬೆಳಗು ಸಾಕು, ಆದರೆ ಇದರ ಉಪಯೋಗ ವರ್ಷಗಟ್ಟಲೆ ಉಳಿಯುತ್ತದೆ.

ಈಗ ಆ ತುಂಡಿನಲ್ಲಿ ಹೋಗಿ ಬಂದು ನಾಲ್ಕು ಕಿಲೋಮೀಟರ್ ಓಡಿ, ಗಡಿಯಾರ ಎಷ್ಟು ತೋರಿಸಿತೆಂದು ಬರೆದುಕೊಳ್ಳಿ. ನನ್ನದು ತೋರಿಸಿದ್ದು 3.84. 6 ನಿಮಿಷ 40 ಸೆಕೆಂಡಿನಂತೆ ನಾಲ್ಕು ಕಿಲೋಮೀಟರಿಗೆ 1,600 ಸೆಕೆಂಡು, ಅದನ್ನು 3.84ರಿಂದ ಭಾಗಿಸಿದರೆ ಕಿಲೋಮೀಟರಿಗೆ 417 ಸೆಕೆಂಡು, ಎಂದರೆ 6 ನಿಮಿಷ 57 ಸೆಕೆಂಡು. ನನ್ನನ್ನು ಮೂರು ವಾರ ಕಾಡಿದ ರಹಸ್ಯ ಈ ಒಂದು ಭಾಗಾಕಾರದಲ್ಲಿತ್ತು.

ಒಂದು ದಿನದ ಅಳತೆಯಿಂದ ಯಾವ ತೀರ್ಮಾನಕ್ಕೂ ಬರಬಾರದು. ಐದು ಬೇರೆ ಬೇರೆ ದಿನ ಹೀಗೆ ಬರೆದುಕೊಂಡು, ಐದೂ ಅಂಕಿಗಳನ್ನು ಒಂದರ ಕೆಳಗೊಂದು ಇಟ್ಟು ನೋಡಿ. 3.82, 3.85, 3.84 ಎಂಬಂತೆ ಒಂದೇ ಕಡೆಗೆ, ಒಂದೇ ಪ್ರಮಾಣದಲ್ಲಿ ತಪ್ಪಿದ್ದರೆ ಆ ದಾರಿಗೆ ಶೇಕಡಾ 4ರ ತಿದ್ದುಪಡಿಯನ್ನು ಧೈರ್ಯವಾಗಿ ಹಚ್ಚಬಹುದು. ಒಂದು ದಿನ 3.80, ಮರುದಿನ 4.09 ಎಂದು ಚದುರಿದ್ದರೆ ತಿದ್ದುಪಡಿಗೆ ಅರ್ಥವಿಲ್ಲ. ಅಂಥ ದಾರಿಯಲ್ಲಿ ಗಡಿಯಾರದ ದೂರವನ್ನು ಸಂಪೂರ್ಣವಾಗಿ ಮರೆತು ಸಮಯವನ್ನು ಮಾತ್ರ ನೋಡಬೇಕು.

ಎರಡನೆಯ ಹೆಜ್ಜೆ: ಉಪಕರಣವನ್ನು ಹದಕ್ಕೆ ತರುವುದು

ಅಳತೆಯ ದೋಷದಲ್ಲಿ ಒಂದು ಪಾಲು ನಮ್ಮ ಅವಸರದ್ದು. ಮನೆಯ ಬಾಗಿಲು ದಾಟುತ್ತಿದ್ದಂತೆ ಗುಂಡಿ ಒತ್ತಿ ಓಡಲಾರಂಭಿಸಿದರೆ, ಮೊದಲ ಅರ್ಧ ಕಿಲೋಮೀಟರ್ ಬಹುಪಾಲು ಊಹೆಯಾಗಿರುತ್ತದೆ. ಉಪಗ್ರಹವು ತನ್ನ ಕಕ್ಷೆಯ ನಿಖರ ವಿವರವನ್ನು ಬಿತ್ತರಿಸಲು ಸುಮಾರು 30 ಸೆಕೆಂಡು ಬೇಕು, ನಡುವೆ ಸಂಕೇತ ಕಡಿದರೆ ಮತ್ತೆ ಮೊದಲಿನಿಂದ ಕೇಳಿಸಿಕೊಳ್ಳಬೇಕು. ಗಡಿಯಾರವನ್ನು ಓಟಕ್ಕೆ ಮೊದಲು ಫೋನಿಗೆ ಜೋಡಿಸಿ ಮಾಹಿತಿ ಹೊಂದಿಸಿಕೊಂಡಿದ್ದರೆ ಈ ವಿವರ ಮೊದಲೇ ಸಿಕ್ಕಿರುತ್ತದೆ. ತೆರೆದ ಜಾಗದಲ್ಲಿ ನಿಂತು ಸಿಗ್ನಲ್ ಸಿಕ್ಕಿತೆಂಬ ಸೂಚನೆ ಬಂದ ಮೇಲೂ ಒಂದು ನಿಮಿಷ ಮೈ ಬೆಚ್ಚಗಾಗಿಸುವ ವ್ಯಾಯಾಮ ಮಾಡಿ, ಆಮೇಲೆ ಹೊರಡಿ.

ಗಡಿಯಾರದ ಸೆಟ್ಟಿಂಗ್‌ಗಳಲ್ಲಿ ನಾಲ್ಕು ವಿಷಯಗಳನ್ನು ನೋಡಿಕೊಳ್ಳಿ. ದಾಖಲಾತಿ ಪ್ರತಿ ಸೆಕೆಂಡಿಗೂ ಆಗುವಂತಿರಲಿ. ಜಿಪಿಎಸ್ ಜೊತೆಗೆ ರಷ್ಯಾದ ಗ್ಲೋನಾಸ್, ಯುರೋಪಿನ ಗೆಲಿಲಿಯೊ, ಚೀನಾದ ಬೈದೌ ಉಪಗ್ರಹಗಳನ್ನೂ ಬಳಸುವ ಆಯ್ಕೆಯಿದ್ದರೆ ಆರಿಸಿಕೊಳ್ಳಿ; ನಮ್ಮ ಇಸ್ರೋದ ನಾವಿಕ್ ಸಂಕೇತವನ್ನು ಹಿಡಿಯುವ ಫೋನುಗಳೂ ಈಗ ಬಂದಿವೆ. ಎರಡು ತರಂಗಾಂತರಗಳಲ್ಲಿ ಕೇಳಿಸಿಕೊಳ್ಳುವ ಸೌಲಭ್ಯವಿರುವ ಗಡಿಯಾರವಾದರೆ ಮರ ಮತ್ತು ಕಟ್ಟಡಗಳ ನಡುವೆ ಅದನ್ನೇ ಹಾಕಿ, ಬ್ಯಾಟರಿ ಬೇಗ ಖಾಲಿಯಾದರೂ ಚಿಂತೆಯಿಲ್ಲ. ನಿಂತಾಗ ತಾನಾಗಿ ಅಳತೆ ನಿಲ್ಲಿಸುವ ಆಯ್ಕೆಯನ್ನು ತೆಗೆದುಹಾಕಿ, ಏಕೆಂದರೆ ಮರಗಳ ಕೆಳಗೆ ಸಂಕೇತ ತಪ್ಪಿದಾಗ ನೀವು ನಿಂತಿರುವಿರೆಂದು ಅದು ಭಾವಿಸುತ್ತದೆ.

ಫೋನ್ ಹಿಡಿದು ಓಡುವವರ ತೊಂದರೆಯೇ ಬೇರೆ. ಬ್ಯಾಟರಿ ಉಳಿಸುವ ವ್ಯವಸ್ಥೆಯು ಪರದೆ ಆರಿದ ಮೇಲೆ ಓಟದ ಆ್ಯಪನ್ನು ಹಿನ್ನೆಲೆಯಲ್ಲಿ ಮಲಗಿಸಿಬಿಡುತ್ತದೆ, ನಕ್ಷೆಯಲ್ಲಿ ಕೆರೆಯ ನಡುವೆಯೇ ನೇರ ಗೆರೆ ಎಳೆದಂತೆ ಕಾಣುವುದು ಹೀಗೆ. ಆ ಆ್ಯಪಿಗೆ ಮಾತ್ರ ಈ ಮಿತಿಯನ್ನು ತೆಗೆದು, ನಿಖರ ಸ್ಥಳದ ಅನುಮತಿ ಕೊಡಿ, ಫೋನನ್ನು ಸೊಂಟದ ಚೀಲದೊಳಗೆ ಹುದುಗಿಸುವ ಬದಲು ತೋಳಿಗೆ ಕಟ್ಟಿಕೊಳ್ಳಿ.

ಓಡುತ್ತಿರುವಾಗ ಕ್ಷಣದ ವೇಗವನ್ನು ನೋಡುವ ಚಟ ಬಿಡಬೇಕು. ಅದರ ಬದಲು ಲ್ಯಾಪಿನ, ಎಂದರೆ ಒಂದು ಗುರುತಿನಿಂದ ಮುಂದಿನ ಗುರುತಿನವರೆಗಿನ ತುಂಡಿನ, ಸರಾಸರಿ ವೇಗವನ್ನು ಪರದೆಗೆ ತಂದುಕೊಂಡು, ಅಳೆದ ಗುರುತು ಬಂದಾಗಲೆಲ್ಲ ಲ್ಯಾಪ್ ಗುಂಡಿಯನ್ನು ಕೈಯಲ್ಲೇ ಒತ್ತುವುದನ್ನು ರೂಢಿಸಿಕೊಳ್ಳಿ. ಶೂಗೆ ಕಟ್ಟುವ ಹೆಜ್ಜೆ ಸಂವೇದಕವಿದ್ದರೆ ಅದನ್ನು ಟ್ರ್ಯಾಕಿನ ಒಳ ಲೇನಿನಲ್ಲಿ ಒಮ್ಮೆ ಸರಿಹೊಂದಿಸಿ ಮರಗಳ ದಾರಿಯಲ್ಲಿ ಬಳಸಬಹುದು. ಅದಿಲ್ಲದಿದ್ದರೆ ಕೊಳ್ಳಲೇಬೇಕೆಂದೇನೂ ಇಲ್ಲ.

ಮೂರನೆಯ ಹೆಜ್ಜೆ: ಯೋಜನೆಯನ್ನು ನಿಮಿಷಗಳಲ್ಲಿ ಬರೆಯುವುದು

ಸಿದ್ಧ ಯೋಜನೆಗಳು ಕಿಲೋಮೀಟರುಗಳಲ್ಲಿ ಬರೆದಿರುತ್ತವೆ. ಗಡಿಯಾರ ಶೇಕಡಾ 4ರಷ್ಟು ಕಡಿಮೆ ತೋರಿಸುವ ದಾರಿಯಲ್ಲಿ ಅದು ಹದಿನಾರು ಎನ್ನುವವರೆಗೆ ಓಡಿದರೆ ನೀವು ನಿಜವಾಗಿ ಹದಿನಾರೂ ಮುಕ್ಕಾಲು ಕಿಲೋಮೀಟರಿನ ಹತ್ತಿರ ಓಡಿರುತ್ತೀರಿ. ವಾರಕ್ಕೆ ನಾಲ್ಕು ದಿನ ಹೀಗಾದರೆ ಯಾರೂ ಹೇಳದ ಹೆಚ್ಚುವರಿ ಹೊರೆ ಕಾಲಿನ ಮೇಲೆ ಬೀಳುತ್ತದೆ. ಆದ್ದರಿಂದ ಈಸಿ ಓಟ (ಹಾಯಾದ ಓಟ) ಮತ್ತು ದೀರ್ಘ ಓಟಗಳನ್ನು ನಿಮಿಷಕ್ಕೆ ಪರಿವರ್ತಿಸಿ. ಎಂಟು ಕಿಲೋಮೀಟರ್ ಎಂದಿರುವಲ್ಲಿ 53 ನಿಮಿಷ ಎಂದು, ಹದಿನಾರು ಎಂದಿರುವಲ್ಲಿ 1 ಗಂಟೆ 45 ನಿಮಿಷ ಎಂದು ಬರೆದುಕೊಂಡರೆ, ಸಂಕೇತ ಇದ್ದರೂ ಇಲ್ಲದಿದ್ದರೂ ಹೊರೆ ಒಂದೇ ಆಗಿರುತ್ತದೆ. ಗಡಿಯಾರ ಸಮಯವನ್ನು ಮಾತ್ರ ಎಂದೂ ತಪ್ಪಾಗಿ ಹೇಳುವುದಿಲ್ಲ.

ವೇಗಕ್ಕೆ ಬದಲಾಗಿ ಉಸಿರಿನ ಮಟ್ಟವನ್ನು ಬರೆಯಿರಿ. ಎದುರು ಸಿಕ್ಕ ಪರಿಚಿತರು ತಿಂಡಿ ಆಯ್ತಾ ಎಂದು ಕೇಳಿದರೆ, ಇಲ್ಲ, ಇನ್ನು ಮನೆಗೆ ಹೋಗಿ ಮಾಡಬೇಕು ಎಂದು ಪೂರ್ತಿ ವಾಕ್ಯ ಹೇಳಲು ಸಾಧ್ಯವಾದರೆ ಅದು ಈಸಿ. ಇಲ್ಲ, ಇನ್ನೂ ಆಗಿಲ್ಲ ಎಂದು ಮೂರು ಮಾತು ಮಾತ್ರ ಹೊರಟರೆ ಅದು ಟೆಂಪೊ, ಎಂದರೆ ತುಸು ಬಿರುಸಾದ ಓಟ. ತಲೆಯಾಡಿಸುವುದಷ್ಟೇ ಸಾಧ್ಯವಾದರೆ ಅದು ಇಂಟರ್ವಲ್ ಓಟದ, ಎಂದರೆ ನಡುನಡುವೆ ಬಿಡುವು ಕೊಟ್ಟು ತುಂಡು ತುಂಡಾಗಿ ವೇಗವಾಗಿ ಓಡುವ ಓಟದ, ಉಸಿರು. ವಾರದ ಓಟದ ಬಹುಪಾಲು, ಐದರಲ್ಲಿ ನಾಲ್ಕು ಪಾಲಿನಷ್ಟು, ಮೊದಲನೆಯ ಮಟ್ಟದಲ್ಲಿಯೇ ಇರಬೇಕು. ನಿಖರವಾದ ದೂರ ನಿಜವಾಗಿ ಬೇಕಾಗುವುದು ಎರಡು ಕಡೆ ಮಾತ್ರ: ಇಂಟರ್ವಲ್ ಓಟಗಳಿಗೆ ಮತ್ತು ಓಟದ ದಿನದ ವೇಗವನ್ನು ಕಾಲಿಗೆ ಕಲಿಸುವ ಅಭ್ಯಾಸಗಳಿಗೆ. ಮೊದಲನೆಯದನ್ನು ಟ್ರ್ಯಾಕಿಗೆ, ಎರಡನೆಯದನ್ನು ಅಳೆದ ತುಂಡಿಗೆ ಕೊಂಡೊಯ್ಯಿರಿ.

ನಾಲ್ಕನೆಯ ಹೆಜ್ಜೆ: ಬದಲಾವಣೆ ಬೇಕೇ ಎಂದು ತೀರ್ಮಾನಿಸುವುದು

ಮೂರು ವಾರಕ್ಕೊಮ್ಮೆ, ಬೆಳಗಿನ ಅದೇ ಹೊತ್ತಿಗೆ, ಟ್ರ್ಯಾಕಿನ ಒಳ ಲೇನಿನಲ್ಲಿ ಹತ್ತು ಸುತ್ತುಗಳನ್ನು ಈಸಿ ಉಸಿರಿನಲ್ಲಿ ಓಡಿ ಒಟ್ಟು ಸಮಯವನ್ನು ಬರೆದಿಡಿ. ಇದು ನಿಮ್ಮ ನಂಬಿಕಸ್ತ ಸಾಕ್ಷಿ. ಎರಡನೆಯ ಸಾಕ್ಷಿ, ಬೆಳಿಗ್ಗೆ ಎದ್ದೊಡನೆ ಮಣಿಕಟ್ಟಿನಲ್ಲಿ ಬೆರಳಿಟ್ಟು ಒಂದು ನಿಮಿಷ ಎಣಿಸಿದ ನಾಡಿಮಿಡಿತ. ಓಡುವಾಗ ಗಡಿಯಾರ ತೋರಿಸುವ ನಾಡಿಮಿಡಿತವನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಚರ್ಮದ ಮೇಲೆ ಬೆಳಕು ಬಿಟ್ಟು ಎಣಿಸುವ ಆ ಸಂವೇದಕ ಕೆಲವೊಮ್ಮೆ ನಾಡಿಯನ್ನು ಬಿಟ್ಟು ಹೆಜ್ಜೆಗಳನ್ನೇ ಎಣಿಸತೊಡಗುತ್ತದೆ, ಆಗ ಹಾಯಾದ ಓಟದಲ್ಲಿಯೂ 170 ಎಂದು ತೋರಿಸಿ ಹೆದರಿಸುತ್ತದೆ.

ಗಡಿಯಾರದ ವೇಗ ಮಾತ್ರ ಕುಸಿದು, ಉಸಿರೂ ನಾಡಿಯೂ ಟ್ರ್ಯಾಕಿನ ಸಮಯವೂ ಹಳೆಯದರಂತೆಯೇ ಇದ್ದರೆ ಯೋಜನೆಯಲ್ಲಿ ಒಂದಕ್ಷರವನ್ನೂ ಬದಲಿಸಬೇಡಿ. ದಾರಿ ಬದಲಾಯಿತೇ, ಗಡಿಯಾರದ ಸಾಫ್ಟ್‌ವೇರ್ ಹೊಸದಾಯಿತೇ, ಓಡುವ ಹೊತ್ತು ಬದಲಾಯಿತೇ ಎಂದು ನೋಡಿ. ಟ್ರ್ಯಾಕಿನ ಸಮಯ ಒಮ್ಮೆ ಮಾತ್ರ ಹೆಚ್ಚಾಗಿದ್ದರೆ ಒಂದು ವಾರ ಕಾಯಿರಿ, ಹಿಂದಿನ ರಾತ್ರಿಯ ಮದುವೆ ಊಟವೋ ನಿದ್ದೆಗೇಡೋ ಕಾರಣವಿರಬಹುದು. ಎರಡು ಬಾರಿ ಸತತವಾಗಿ ಹೆಚ್ಚಾಗಿ, ಬೆಳಗಿನ ನಾಡಿಯೂ ಏರಿದ್ದರೆ ಮೈ ದಣಿದಿದೆ ಎಂದರ್ಥ; ಆಗ ಮಾಡಬೇಕಾದ್ದು ನಾನು ಮಾಡಿದ್ದರ ತದ್ವಿರುದ್ಧ. ಒಂದು ವಾರ ಒಟ್ಟು ನಿಮಿಷಗಳನ್ನು ಮೂರನೇ ಒಂದು ಪಾಲಿನಷ್ಟು ಇಳಿಸಿ, ವೇಗದ ಓಟವನ್ನು ಪೂರ್ತಿ ಬಿಟ್ಟು, ಮುಂದಿನ ವಾರ ಎಲ್ಲಿ ನಿಲ್ಲಿಸಿದ್ದಿರೋ ಅಲ್ಲಿಂದ ಮುಂದುವರಿಯಿರಿ. ಸಮಯ ಕಡಿಮೆಯಾಗುತ್ತ ಬಂದು ನಾಡಿ ಸ್ಥಿರವಾಗಿದ್ದರೆ ಅದು ನಿಜವಾದ ಸುಧಾರಣೆ. ಅಂಥಾಗಲೂ ನಿಮಿಷ ಮತ್ತು ವೇಗ ಎರಡನ್ನೂ ಒಂದೇ ವಾರದಲ್ಲಿ ಏರಿಸಬಾರದು.

ಸೆಕೆ ಬೇರೆ ಮಾತು. ಮಾರ್ಚ್, ಏಪ್ರಿಲ್ ತಿಂಗಳಲ್ಲಿ ಅದೇ ಟ್ರ್ಯಾಕಿನ ಸಮಯ ಹೆಚ್ಚಾಗುವುದು ಸಹಜ, ಏಕೆಂದರೆ ರಕ್ತದ ಒಂದು ಪಾಲು ಮೈ ತಂಪಾಗಿಸಲು ಚರ್ಮದ ಕಡೆಗೆ ಹೋಗುತ್ತದೆ. ಮೈ ಬಿಸಿಲಿಗೆ ಹೊಂದಿಕೊಳ್ಳಲು ಹತ್ತರಿಂದ ಹದಿನಾಲ್ಕು ದಿನ ಬೇಕು. ಅಷ್ಟು ದಿನ ಉಸಿರಿನ ಮಟ್ಟವನ್ನು ಕಾಯ್ದುಕೊಂಡು ವೇಗವನ್ನು ಬಿಟ್ಟುಕೊಡಿ.

ಐದನೆಯ ಹೆಜ್ಜೆ: ತಪ್ಪಿದ ದಿನಗಳ ಲೆಕ್ಕ

ಹನ್ನೆರಡು ವಾರದಲ್ಲಿ ಒಂದು ದಿನವೂ ತಪ್ಪದ ಯೋಜನೆಯನ್ನು ನಾನು ಕಂಡಿಲ್ಲ. ನೆಂಟರು ಬರುತ್ತಾರೆ, ಮಳೆ ಹಿಡಿಯುತ್ತದೆ, ಆಷಾಢ ಶುಕ್ರವಾರಗಳಂದು ಚಾಮುಂಡಿ ಬೆಟ್ಟಕ್ಕೆ ಜನಸಾಗರ ಬರುವುದರಿಂದ ಅಂದಿನ ಬೆಟ್ಟದ ಓಟ ನಡೆಯುವುದಿಲ್ಲ. ದಸರೆಯ ವಾರ ಅರಮನೆಯಿಂದ ಬನ್ನಿಮಂಟಪದವರೆಗಿನ ರಸ್ತೆಗಳನ್ನು ಮರೆಯುವುದೇ ಲೇಸು. ಇಂಥ ಗೊತ್ತಿರುವ ಅಡಚಣೆಗಳನ್ನು ಪಂಚಾಂಗ ನೋಡಿ ಮೊದಲೇ ಯೋಜನೆಯಲ್ಲಿ ಗುರುತು ಹಾಕಿ, ಆ ವಾರವನ್ನೇ ಹಗುರದ ವಾರವನ್ನಾಗಿ ಮಾಡಿಕೊಳ್ಳಬಹುದು.

ಒಂದರಿಂದ ಮೂರು ದಿನ ತಪ್ಪಿದರೆ ಅವನ್ನು ಮರೆತುಬಿಡಿ. ಮಂಗಳವಾರ ತಪ್ಪಿದ ಇಂಟರ್ವಲ್ಲನ್ನು ಶನಿವಾರಕ್ಕೆ ತುರುಕಿ, ಭಾನುವಾರ ದೀರ್ಘ ಓಟವನ್ನೂ ಮಾಡಿದರೆ ಸಾಲ ತೀರಿಸಲು ಹೊಸ ಸಾಲ ಮಾಡಿದಂತೆ. ಒಂದು ವಾರ ಪೂರ್ತಿ ಹೋದರೆ, ನಿಲ್ಲಿಸುವ ಮೊದಲಿನ ವಾರದ ನಿಮಿಷಗಳಲ್ಲಿ ಮುಕ್ಕಾಲು ಪಾಲಿನಿಂದ, ವೇಗದ ಓಟವಿಲ್ಲದೆ ಆರಂಭಿಸಿ, ಆಮೇಲೆ ಯೋಜನೆಯ ಪ್ರಸ್ತುತ ವಾರಕ್ಕೆ ಸೇರಿಕೊಳ್ಳಿ. ಎರಡು ವಾರ ಹೋದರೆ ಅರ್ಧದಿಂದ ಆರಂಭಿಸಿ, ಮತ್ತೆ ಹಳೆಯ ಮಟ್ಟ ತಲುಪಲು ಎರಡು ವಾರ ಕೊಡಬೇಕು, ಏಕೆಂದರೆ ಹೃದಯ ಮತ್ತು ಶ್ವಾಸಕೋಶಗಳ ಸಾಮರ್ಥ್ಯ ಆ ಹೊತ್ತಿಗೆ ನಿಜವಾಗಿಯೂ ಇಳಿಯತೊಡಗಿರುತ್ತದೆ. ಮೂರು ವಾರಕ್ಕೂ ಮೇಲಾದರೆ ಎರಡು ಗಂಟೆಯ ಗುರಿಯನ್ನು ಕೈಬಿಟ್ಟು, ಆರಾಮವಾಗಿ ಮುಗಿಸುವ ಗುರಿಗೆ ಇಳಿಯುವುದು ಅಥವಾ 10 ಕಿ.ಮೀ. ಓಟಕ್ಕೆ ಹೆಸರು ಬದಲಿಸುವುದು ವಿವೇಕ. ಯಾವ ಸ್ಥಿತಿಯಲ್ಲೂ ಕೊನೆಯ ಎರಡು ವಾರಗಳ ಹಗುರ ಅಭ್ಯಾಸವನ್ನು ಕಸಿದು ತಪ್ಪಿದ ದೀರ್ಘ ಓಟವನ್ನು ಅಲ್ಲಿ ಸೇರಿಸಬೇಡಿ.

ಕಾಯಿಲೆಯಾದರೆ ಓಟಗಾರರಲ್ಲಿ ಒಂದು ಸರಳ ಲೆಕ್ಕವಿದೆ: ಕತ್ತಿನ ಮೇಲಿನ ಸಾಧಾರಣ ನೆಗಡಿಯಾದರೆ ಹಗುರವಾಗಿ ಓಡಬಹುದು, ಎದೆಯ ಕಫ, ಮೈಕೈ ನೋವು, ಜ್ವರ ಇದ್ದರೆ ಓಡಲೇಬಾರದು. ನಮ್ಮಲ್ಲಿ ಮಳೆಗಾಲ ಎಂದರೆ ಡೆಂಗಿಯ ಕಾಲವೂ ಹೌದು. ಜ್ವರದೊಡನೆ ಕಣ್ಣಿನ ಹಿಂಭಾಗ ಮತ್ತು ಕೀಲುಗಳು ನೋಯುತ್ತಿದ್ದರೆ ಐಬುಪ್ರೊಫೇನ್‌ನಂಥ ನೋವಿನ ಮಾತ್ರೆ ನುಂಗದೆ ರಕ್ತ ಪರೀಕ್ಷೆ ಮಾಡಿಸಿ, ಏಕೆಂದರೆ ಅವು ಡೆಂಗಿಯಲ್ಲಿ ರಕ್ತಸ್ರಾವದ ಅಪಾಯವನ್ನು ಹೆಚ್ಚಿಸುತ್ತವೆ. ಡೆಂಗಿಯಾದವರು ಮತ್ತೆ ಓಡುವ ದಿನವನ್ನು ಯೋಜನೆಯ ಹಾಳೆ ನೋಡಿ ನಿರ್ಧರಿಸದೆ ವೈದ್ಯರನ್ನು ಕೇಳಿ ನಿರ್ಧರಿಸಬೇಕು.

ನೋವಿನ ವಿಷಯದಲ್ಲಿ, ಓಡತೊಡಗಿದ ಮೇಲೆ ಬಿಟ್ಟುಹೋಗುವ ಬಿಗಿತಕ್ಕೂ ಓಡುತ್ತ ಹೋದಂತೆ ಹೆಚ್ಚುವ ನೋವಿಗೂ ಇರುವ ವ್ಯತ್ಯಾಸವನ್ನು ತಿಳಿಯಬೇಕು. ಮೂಳೆಯ ಒಂದೇ ಜಾಗದಲ್ಲಿ ಬೆರಳಿಟ್ಟು ತೋರಿಸುವಂಥ ನೋವು ಎರಡನೆಯ ಬಗೆಯದು. ಅದಕ್ಕೆ ಓಟ ನಿಲ್ಲಿಸಿ ವೈದ್ಯರಿಗೆ ತೋರಿಸುವುದು ಬಿಟ್ಟು ಬೇರೆ ಹೊಂದಾಣಿಕೆ ಇಲ್ಲ.

ಬೆಟ್ಟದ ದಿನಗಳು

ಚಾಮುಂಡಿ ಬೆಟ್ಟದ ಸುಮಾರು ಸಾವಿರ ಮೆಟ್ಟಿಲುಗಳ ಮೇಲೆ ವೇಗ ಎಂಬ ಅಂಕಿಗೆ ಅರ್ಥವೇ ಇಲ್ಲ. ಗಡಿಯಾರವು ನಕ್ಷೆಯ ಮೇಲಿನ ಅಡ್ಡ ದೂರವನ್ನು ಎಣಿಸುತ್ತದೆ, ಕಾಲು ಎತ್ತರವನ್ನು ಹತ್ತುತ್ತಿರುತ್ತದೆ. ಎತ್ತರದ ಲೆಕ್ಕವನ್ನೂ ಜಿಪಿಎಸ್ ದೂರದ ಲೆಕ್ಕಕ್ಕಿಂತ ಕೆಟ್ಟದಾಗಿ ಮಾಡುತ್ತದೆ, ಉಪಗ್ರಹಗಳೆಲ್ಲ ನಮ್ಮ ಮೇಲೆಯೇ ಇದ್ದು ಕೆಳಗಿನಿಂದ ಅಳೆಯುವವರು ಯಾರೂ ಇಲ್ಲದಿರುವುದು ಇದಕ್ಕೆ ಕಾರಣ. ಇಲ್ಲಿ ಇನ್ನೊಂದು ಸೋಜಿಗವಿದೆ: ದಕ್ಷಿಣ ಭಾರತದ ಸುತ್ತ ಭೂಮಿಯ ಗುರುತ್ವ ಕಡಿಮೆಯಿರುವುದರಿಂದ, ಉಪಗ್ರಹದ ಲೆಕ್ಕದ ಎತ್ತರವು ಮೈಸೂರಿನಲ್ಲಿ ಸಮುದ್ರಮಟ್ಟದಿಂದ ಅಳೆದ ಎತ್ತರಕ್ಕಿಂತ 80 ಮೀಟರಿಗೂ ಮಿಗಿಲಾಗಿ ಕೆಳಗೆ ಬರುತ್ತದೆ. ಗಡಿಯಾರಗಳು ಇದನ್ನು ಸಾಮಾನ್ಯವಾಗಿ ತಿದ್ದಿಯೇ ತೋರಿಸುತ್ತವೆ. ತಿದ್ದದ ಆ್ಯಪ್ ಏನಾದರೂ ಊರನ್ನೇ 690 ಮೀಟರಿನ ಕೆಳಗಿಳಿಸಿದರೆ ಗಾಬರಿಯಾಗಬೇಡಿ. ಬೆಟ್ಟದ ದಿನದ ಯೋಜನೆಯಲ್ಲಿ ಬುಡದಿಂದ ನಂದಿಯವರೆಗೆ ಎಷ್ಟು ನಿಮಿಷ, ಯಾವ ಉಸಿರಿನಲ್ಲಿ, ಎಷ್ಟು ಸಲ ಎಂದಷ್ಟೇ ಬರೆಯಿರಿ. ಇಳಿಯುವಾಗ ನಡೆಯಿರಿ, ಮಳೆಗಾಲದಲ್ಲಿ ಮೆಟ್ಟಿಲು ಜಾರುತ್ತದೆ.

ಓಟದ ದಿನ

ಅರೆ ಮ್ಯಾರಥಾನಿನ ದೂರ 21.0975 ಕಿ.ಮೀ. ಅಧಿಕೃತವಾಗಿ ಅಳೆದ ದಾರಿಯನ್ನು, ತಿರುವುಗಳ ಅಂಚಿನಿಂದ 30 ಸೆಂ.ಮೀ. ದೂರದಲ್ಲಿ, ಓಡಬಹುದಾದ ಅತ್ಯಂತ ಹತ್ತಿರದ ಗೆರೆಯಲ್ಲಿ, ಸರಿಹೊಂದಿಸಿದ ಸೈಕಲ್ಲಿನ ಮೇಲೆ ಅಳೆಯುತ್ತಾರೆ. ದಾರಿ ಯಾವ ಕಾರಣಕ್ಕೂ ಕಡಿಮೆಯಾಗದಿರಲೆಂದು ಪ್ರತಿ ಕಿಲೋಮೀಟರಿಗೆ ಒಂದು ಮೀಟರ್ ಹೆಚ್ಚಿಗೆ ಸೇರಿಸುತ್ತಾರೆ. ಜನಜಂಗುಳಿಯಲ್ಲಿ ಆ ಗೆರೆಯನ್ನು ಹಿಡಿಯಲಾಗದು, ನೀರಿನ ಮೇಜಿಗೆ ಹೋಗಿ ಬರಬೇಕು, ಗಡಿಯಾರದ ಹಾವಿನ ನಡೆಯೂ ಸೇರುತ್ತದೆ. ಹೀಗಾಗಿ ಮುಗಿಸುವ ಹೊತ್ತಿಗೆ ಅದು 21.4 ತೋರಿಸಿದರೆ ಆಶ್ಚರ್ಯವಿಲ್ಲ.

ಎರಡು ಗಂಟೆಯಲ್ಲಿ ಮುಗಿಸಲು ಕಿಲೋಮೀಟರಿಗೆ 5 ನಿಮಿಷ 41 ಸೆಕೆಂಡು ಬೇಕು. ಆದರೆ ಗಡಿಯಾರ 21.4 ಎಣಿಸುವ ದಾರಿಯಲ್ಲಿ ಅದರ ಪರದೆಯ ಮೇಲಿನ 5 ನಿಮಿಷ 41 ಸೆಕೆಂಡನ್ನೇ ನಂಬಿ ಓಡಿದವರು 2 ಗಂಟೆ 1 ನಿಮಿಷ 40 ಸೆಕೆಂಡಿನ ಸುಮಾರಿಗೆ ಗೆರೆ ಮುಟ್ಟುತ್ತಾರೆ. ಪರದೆಯಲ್ಲಿ 5 ನಿಮಿಷ 36 ಸೆಕೆಂಡು ಕಾಣುವಂತೆ ಓಡಿದರೆ ಮಾತ್ರ ಎರಡು ಗಂಟೆ. ಇದಕ್ಕಿಂತ ಒಳ್ಳೆಯ ದಾರಿಯೆಂದರೆ ತಾನಾಗಿ ಲ್ಯಾಪ್ ಗುರುತಿಸುವ ಆಯ್ಕೆಯನ್ನು ತೆಗೆದು, ರಸ್ತೆ ಬದಿಯ ಕಿಲೋಮೀಟರ್ ಫಲಕ ಬಂದಾಗಲೆಲ್ಲ ಗುಂಡಿ ಒತ್ತಿ, 5ಕ್ಕೆ 28 ನಿಮಿಷ 26 ಸೆಕೆಂಡು, 10ಕ್ಕೆ 56 ನಿಮಿಷ 53 ಸೆಕೆಂಡು, 15ಕ್ಕೆ 1 ಗಂಟೆ 25 ನಿಮಿಷ 19 ಸೆಕೆಂಡು ಎಂಬ ಮೂರು ಅಂಕಿಗಳನ್ನು ಅಂಗೈ ಮೇಲೆ ಬರೆದುಕೊಂಡು ಹೋಗುವುದು. ಬೆವರಿಗೆ ಅಳಿಸದ ಪೆನ್ನಾಗಿರಲಿ.

ಓಟ ಮುಗಿದ ಮೇಲೆ ಗಡಿಯಾರ 21.4 ತೋರಿಸಿತೆಂದು ದಾರಿ ಉದ್ದವಾಗಿತ್ತು ಎಂದು ಆಯೋಜಕರ ಬಳಿ ವಾದಕ್ಕೆ ನಿಲ್ಲಬೇಡಿ. ಬದಲಿಗೆ 20.6 ತೋರಿಸಿ, ಪಕ್ಕದಲ್ಲಿ ನೀರು ಕುಡಿಯುತ್ತ ನಿಂತ ಏಳೆಂಟು ಜನರ ಗಡಿಯಾರಗಳೂ ಅಷ್ಟನ್ನೇ ತೋರಿಸುತ್ತಿದ್ದರೆ, ಆಗ ದಾರಿಯನ್ನು ಹೇಗೆ ಅಳೆದಿರೆಂದು ಕೇಳುವುದು ನ್ಯಾಯ. ಮುಂದಿನ ಯೋಜನೆಯ ಗುರಿಯನ್ನು ಆ ದಿನದ ಸಮಯದ ಮೇಲೆ ಕಟ್ಟದೆ, ಮತ್ತೊಮ್ಮೆ ಟ್ರ್ಯಾಕಿನ ಹತ್ತು ಸುತ್ತುಗಳನ್ನು ಓಡಿ ಅದರ ಮೇಲೆ ಕಟ್ಟಿಕೊಳ್ಳಿ.